ಸಾಲದ ಬಾಕಿ ಮತ್ತು ಸೆಕ್ಯುರಿಟಿ ಕ್ಲಿಯರೆನ್ಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಪೌರತ್ವ ಪಡೆದು ಅಲ್ಲಿನ ಸೇನೆಯಲ್ಲಿ, ರಕ್ಷಣಾ ಗುತ್ತಿಗೆಯ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಮತ್ತು ಅವರ ಮಕ್ಕಳಿಂದ ಬಂದ ಪತ್ರಗಳಲ್ಲಿ ಈ ಸಲ ಒಂದೇ ಚಿಂತೆ: ಸಾಲ. ಹಾಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಬರೆದವರ ಹೆಸರು ಹಾಕಿಲ್ಲ.

ಪದೇ ಪದೇ ಬರುವ ಕೆಲವು ಸಂಗತಿಗಳನ್ನು ಮೊದಲೇ ಹೇಳಿಬಿಡುತ್ತೇವೆ. ಸೆಕ್ಯುರಿಟಿ ಕ್ಲಿಯರೆನ್ಸ್ ಎಂದರೆ ಸರ್ಕಾರದ ರಹಸ್ಯ ಮಾಹಿತಿ ನೋಡಲು ಸಿಗುವ ಅನುಮತಿ. ಸೀಕ್ರೆಟ್, ಅದಕ್ಕೂ ಮೇಲಿನ ಟಾಪ್ ಸೀಕ್ರೆಟ್ ಎಂಬ ಹಂತಗಳಿವೆ. ಕ್ಲಿಯರೆನ್ಸ್‌ಗೆ ನೀವಾಗಿಯೇ ಅರ್ಜಿ ಹಾಕಲು ಬರುವುದಿಲ್ಲ. ಕೆಲಸ ಕೊಡುವ ಕಂಪನಿ ಅಥವಾ ಇಲಾಖೆ ನಿಮ್ಮ ಹೆಸರು ಕಳಿಸಬೇಕು. ಅದರ ಖರ್ಚು ನಿಮ್ಮದಲ್ಲ. ಗ್ರೀನ್ ಕಾರ್ಡ್ ಸಾಲದು, ಪೌರತ್ವವೇ ಬೇಕು. ತುಂಬಬೇಕಾದ ಫಾರಂ ಎಸ್‌ಎಫ್-86. ಈಗ ಅದನ್ನು ಇ-ಆ್ಯಪ್ ಎಂಬ ಸರ್ಕಾರಿ ಜಾಲತಾಣದಲ್ಲಿ ತುಂಬುತ್ತಾರೆ. ಹಿನ್ನೆಲೆ ತನಿಖೆ ನಡೆಸುವುದು ಹೆಚ್ಚಾಗಿ ರಕ್ಷಣಾ ಇಲಾಖೆಯ ತನಿಖಾ ಸಂಸ್ಥೆ ಡಿಸಿಎಸ್‌ಎ. ಗುತ್ತಿಗೆ ಕಂಪನಿಯ ನೌಕರರ ತಕರಾರು ಹೋಗುವುದು ರಕ್ಷಣಾ ಇಲಾಖೆಯ ವಿಚಾರಣೆ ಮತ್ತು ಮೇಲ್ಮನವಿ ಕಚೇರಿಗೆ. ಎಲ್ಲರೂ ಅದನ್ನು ಡೋಹಾ ಎನ್ನುತ್ತಾರೆ. ಯಾರಿಗೆ ಕೊಡಬಹುದು, ಯಾರಿಗೆ ಬೇಡ ಎಂದು ಅಳೆಯಲು 2017ರ ಜೂನ್ 8ರಿಂದ ಜಾರಿಯಲ್ಲಿರುವ 13 ಮಾರ್ಗಸೂಚಿಗಳಿವೆ, ‘ಎ’ಯಿಂದ ‘ಎಂ’ವರೆಗೆ. ಹಣಕಾಸಿನದು ‘ಎಫ್’.

ಪ್ರಶ್ನೆ: ಪೌರತ್ವ ಸಿಕ್ಕಿ ಎರಡು ವರ್ಷವಾಯಿತು. ಕಂಪನಿಯವರು ಸೀಕ್ರೆಟ್ ಕ್ಲಿಯರೆನ್ಸ್‌ಗೆ ಹೆಸರು ಕಳಿಸುತ್ತೇವೆ ಎಂದಿದ್ದಾರೆ. ಕ್ರೆಡಿಟ್ ಕಾರ್ಡ್‌ಗಳಲ್ಲಿ 38,000 ಡಾಲರ್ ಸಾಲವಿದೆ. ಮನೆ ಸಾಲ, ಕಾರಿನ ಸಾಲ ಬೇರೆ. ಇವತ್ತಿನವರೆಗೆ ಒಂದು ಕಂತೂ ತಪ್ಪಿಸಿಲ್ಲ. ಎಷ್ಟು ಸಾಲ ಮೀರಿದರೆ ಕ್ಲಿಯರೆನ್ಸ್ ಸಿಗುವುದಿಲ್ಲ?
– ಓದುಗರು, ಮೇರಿಲ್ಯಾಂಡ್

ಉತ್ತರ: ಇಷ್ಟು ಡಾಲರ್ ಎಂಬ ಗೆರೆ ಎಲ್ಲೂ ಇಲ್ಲ. ಕ್ರೆಡಿಟ್ ಸ್ಕೋರಿಗೂ ಕನಿಷ್ಠ ಮಿತಿ ಗೊತ್ತುಮಾಡಿಲ್ಲ. ಎಸ್‌ಎಫ್-86ರ 26ನೇ ವಿಭಾಗ ಕೇಳುವುದು ಸುಸ್ತಿ ಬಿದ್ದ ಸಾಲವನ್ನು. ಕಳೆದ 7 ವರ್ಷಗಳಲ್ಲಿ ಯಾವುದಾದರೂ ಸಾಲ 120 ದಿನ ಮೀರಿ ಬಾಕಿ ಉಳಿದಿತ್ತೇ, ವಸೂಲಿ ಏಜೆನ್ಸಿಗೆ ಹೋಯಿತೇ, ಮನೆ ಅಥವಾ ವಾಹನ ಜಪ್ತಿಯಾಯಿತೇ, ಸಂಬಳದಿಂದ ಕಡಿತ ಮಾಡಿದರೇ, ದಿವಾಳಿ ಅರ್ಜಿ ಹಾಕಿದಿರೇ: ಹೀಗೆ ಸಾಗುತ್ತವೆ ಪ್ರಶ್ನೆಗಳು. ತಪ್ಪದೆ ಕಟ್ಟುತ್ತಿರುವ ಮನೆ ಸಾಲ, ಕಾರಿನ ಸಾಲಕ್ಕೆ ಅಲ್ಲಿ ಜಾಗವೇ ಇಲ್ಲ.

ಸಾಲವನ್ನು ಯಾಕೆ ನೋಡುತ್ತಾರೆ ಎಂಬುದು ತಿಳಿದರೆ ಉಳಿದದ್ದು ಸುಲಭ. ಕಷ್ಟದಲ್ಲಿರುವವರನ್ನು ಹಣದ ಆಸೆ ತೋರಿಸಿ ಬಗ್ಗಿಸಬಹುದು ಎಂಬ ಭಯ ಒಂದು. ತೀರ್ಪುಗಳಲ್ಲಿ ಅದಕ್ಕಿಂತ ಹೆಚ್ಚು ತೂಕ ಪಡೆಯುವುದು ಇನ್ನೊಂದು ಅನುಮಾನ: ಸಹಿ ಹಾಕಿ ಒಪ್ಪಿಕೊಂಡ ಕರಾರನ್ನೇ ಪಾಲಿಸದವರು ರಹಸ್ಯ ಕಾಗದಗಳ ನಿಯಮವನ್ನು ಪಾಲಿಸುತ್ತಾರೆಯೇ? ನಿಮ್ಮ ವಿಷಯದಲ್ಲಿ ಈ ಎರಡನೆಯ ಅನುಮಾನಕ್ಕೆ ಸದ್ಯ ಆಧಾರವಿಲ್ಲ.

ಹಾಗೆಂದು ನಿಶ್ಚಿಂತೆಯಿಂದ ಇರಬೇಡಿ. ಗಳಿಕೆಗೆ ಮೀರಿ ಖರ್ಚು ಮಾಡುವುದು, ತಿಂಗಳ ಕೊನೆಗೆ ಯಾವಾಗಲೂ ಹಣ ಕಡಿಮೆ ಬೀಳುವುದು, ಇವೂ ‘ಎಫ್’ನಲ್ಲಿ ಹೆಸರಿಸಿರುವ ದೋಷಗಳೇ. ಬಡ್ಡಿ ವರ್ಷಕ್ಕೆ ಶೇ 22 ಎಂದಿಟ್ಟುಕೊಂಡರೆ 38,000 ಡಾಲರ್ ಮೇಲೆ ತಿಂಗಳ ಬಡ್ಡಿಯೇ ಸುಮಾರು 700 ಡಾಲರ್. ಕನಿಷ್ಠ ಕಂತು ಮಾತ್ರ ಕಟ್ಟುತ್ತಿದ್ದರೆ ಅಸಲು ಅಷ್ಟಾಗಿ ಇಳಿಯುವುದಿಲ್ಲ. ನಾಳೆ ಕೆಲಸ ಹೋದರೆ ನಾಲ್ಕೇ ತಿಂಗಳಲ್ಲಿ 120 ದಿನದ ಗೆರೆ ದಾಟುತ್ತೀರಿ.

ಫಾರಂ ತುಂಬುವ ಮುನ್ನ ಎರಡು ಕೆಲಸ ಮಾಡಿ. ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಕ್ರೆಡಿಟ್ ಸಂಸ್ಥೆಗಳ ವರದಿಯನ್ನೂ ತರಿಸಿಕೊಳ್ಳಿ. ವಾರಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ಮೂರರಲ್ಲೂ ಒಂದೇ ಮಾಹಿತಿ ಇರುವುದಿಲ್ಲ, ಅದಕ್ಕೇ ಮೂರೂ ಬೇಕು. ಆಮೇಲೆ ಒಂದು ಹಾಳೆಯಲ್ಲಿ ಕೈಗೆ ಬರುವ ಸಂಬಳ, ಮನೆ ಖರ್ಚು, ಕಂತುಗಳು, ಉಳಿಕೆ ಬರೆಯಿರಿ. ತನಿಖಾಧಿಕಾರಿ ಹಣದ ಬಗ್ಗೆ ಕೇಳಿದಾಗ ಅಂದಾಜಿನ ಉತ್ತರಕ್ಕಿಂತ ಆ ಹಾಳೆ ಎಷ್ಟೋ ಮೇಲು.

ಸಾಲ ಇಳಿಸಲು ನೆರವು ಬೇಕಿದ್ದರೆ ಲಾಭಕ್ಕಾಗಿ ನಡೆಸದ ಕ್ರೆಡಿಟ್ ಕೌನ್ಸೆಲಿಂಗ್ ಸಂಸ್ಥೆಗೆ ಹೋಗಿ. ಹೋದದ್ದನ್ನು 26ನೇ ವಿಭಾಗದಲ್ಲಿ ಬರೆಯಬೇಕಾಗುತ್ತದೆ, ಬರೆಯಿರಿ. ಸಮಸ್ಯೆ ಹತೋಟಿಗೆ ಬರುತ್ತಿದ್ದರೆ ಅದು ನಿಮ್ಮ ಪರವಾದ ಅಂಶ. ‘ಸಾಲವನ್ನು ಅರ್ಧಕ್ಕೆ ಇಳಿಸಿಕೊಡುತ್ತೇವೆ’ ಎನ್ನುವ ಸೆಟಲ್‌ಮೆಂಟ್ ಕಂಪನಿಗಳ ದಾರಿ ಬೇರೆ. ಬ್ಯಾಂಕಿಗೆ ಕಟ್ಟುವುದನ್ನು ನಿಲ್ಲಿಸಿ, ಆ ಹಣವನ್ನು ನಮ್ಮಲ್ಲಿ ಕೂಡಿಡಿ ಎನ್ನುತ್ತಾರೆ. ನಿಲ್ಲಿಸಿದಿರೋ, ಇದುವರೆಗೆ ಸರಿಯಿದ್ದ ಖಾತೆಗಳೆಲ್ಲ ಒಟ್ಟಿಗೆ ಸುಸ್ತಿಗೆ ಬೀಳುತ್ತವೆ. ಕ್ಲಿಯರೆನ್ಸ್ ಬೇಕಾದವರಿಗೆ ಇದಕ್ಕಿಂತ ಕೆಟ್ಟ ಸಲಹೆ ಬೇರೆ ಇಲ್ಲ.

ಪ್ರಶ್ನೆ: ಎಂಟು ವರ್ಷದ ಹಿಂದೆ ಕೆಲಸ ಕಳೆದುಕೊಂಡು ಬಹಳ ದಿನ ಮನೆಯಲ್ಲೇ ಇದ್ದೆ. ಆಗ ಎರಡು ಕಾರ್ಡ್‌ಗಳು ‘ಚಾರ್ಜ್ ಆಫ್’ ಆದವು, ಆಸ್ಪತ್ರೆಯ ಬಿಲ್ಲೊಂದು ವಸೂಲಿ ಏಜೆನ್ಸಿಗೆ ಹೋಯಿತು. ಈಗ ಕ್ರೆಡಿಟ್ ವರದಿಯಲ್ಲಿ ಯಾವುದೂ ಕಾಣಿಸುತ್ತಿಲ್ಲ. ‘ಕಾಣದ್ದನ್ನು ಕೆದಕಿ ಯಾಕೆ ಬರೆಯುತ್ತೀಯ’ ಎನ್ನುತ್ತಾರೆ ಸ್ನೇಹಿತರು.
– ಓದುಗರು, ವರ್ಜೀನಿಯಾ

ಉತ್ತರ: ಸ್ನೇಹಿತರ ಮಾತು ಕೇಳಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇವೆ, ಯಾಕೆಂದರೆ ಸಾಲದಿಂದ ಕ್ಲಿಯರೆನ್ಸ್ ಕಳೆದುಕೊಳ್ಳದ ಎಷ್ಟೋ ಜನ ಸಾಲ ಮುಚ್ಚಿಟ್ಟದ್ದರಿಂದ ಕಳೆದುಕೊಂಡಿದ್ದಾರೆ.

ಇಲ್ಲಿ ಮೂರು ಗೊಂದಲಗಳು ಸೇರಿಕೊಂಡಿವೆ. ‘ಚಾರ್ಜ್ ಆಫ್’ ಎಂದರೆ ಬ್ಯಾಂಕು ತನ್ನ ಲೆಕ್ಕದ ಪುಸ್ತಕದಲ್ಲಿ ಅದನ್ನು ನಷ್ಟವೆಂದು ಬರೆದುಕೊಂಡಿತು ಎಂದಷ್ಟೇ. ನಿಮ್ಮ ಋಣ ತೀರಿಲ್ಲ. ಏಳು ವರ್ಷಕ್ಕೆ ವರದಿಯಿಂದ ಬಿದ್ದುಹೋಗುವುದು ಕ್ರೆಡಿಟ್ ವರದಿಯ ಕಾನೂನು, ಅದೂ ಋಣ ತೀರಿಸುವುದಿಲ್ಲ. ಮೂರನೆಯದು ದಾವೆ ಹೂಡುವ ಕಾಲಮಿತಿ. ಅದು ಮುಗಿದರೆ ಕೋರ್ಟಿನಲ್ಲಿ ನಿಮ್ಮ ಮೇಲೆ ಗೆಲ್ಲುವುದು ಕಷ್ಟವಾಗಬಹುದು. ಆದರೆ ‘ಕಾಲಮಿತಿ ಮುಗಿದಿದೆ, ಕೊಡುವುದಿಲ್ಲ’ ಎಂಬ ವಾದವನ್ನು ಡೋಹಾದ ಮೇಲ್ಮನವಿ ಮಂಡಳಿ ಸಾಲ ತೀರಿಸುವ ಪ್ರಾಮಾಣಿಕ ಯತ್ನವೆಂದು ಒಪ್ಪುತ್ತಾ ಬಂದಿಲ್ಲ.

ಫಾರಮ್ಮಿನ ಮಾತುಗಳನ್ನು ನಿಧಾನವಾಗಿ ಓದಿ. ‘ಕಳೆದ 7 ವರ್ಷಗಳಲ್ಲಿ’ ಎಂಬ ಪ್ರಶ್ನೆಗಳ ಜತೆಗೇ ‘ಈಗ ಯಾವುದಾದರೂ ಸಾಲ 120 ದಿನ ಮೀರಿ ಬಾಕಿ ಇದೆಯೇ’ ಎಂಬ ಪ್ರಶ್ನೆಯೂ ಇದೆ. ಎಂಟು ವರ್ಷದ ಹಿಂದಿನ ಸಾಲವಾದರೂ ಇನ್ನೂ ಕಟ್ಟಿಲ್ಲವಾದರೆ ಈ ಪ್ರಶ್ನೆಗೆ ಉತ್ತರ ‘ಹೌದು’. ಆಸ್ಪತ್ರೆಯ ಬಿಲ್ಲಿಗೂ ಇದೇ ಮಾತು. 500 ಡಾಲರ್‌ಗಿಂತ ಕಡಿಮೆಯ ವೈದ್ಯಕೀಯ ಬಾಕಿಯನ್ನು ಮೂರೂ ಸಂಸ್ಥೆಗಳು 2023ರಿಂದ ವರದಿಯಲ್ಲಿ ತೋರಿಸುತ್ತಿಲ್ಲ. ಎಸ್‌ಎಫ್-86 ಅಂಥ ರಿಯಾಯಿತಿ ಕೊಟ್ಟಿಲ್ಲ.

ಗೊತ್ತಿದ್ದೂ ‘ಇಲ್ಲ’ ಎಂದು ಬರೆದರೆ ವಿಷಯ ‘ಎಫ್’ನಿಂದ ‘ಇ’ಗೆ, ಅಂದರೆ ನಡತೆಯ ಮಾರ್ಗಸೂಚಿಗೆ ಹೋಗುತ್ತದೆ. ಸಾಲಕ್ಕೆ ಕೆಲಸ ಹೋದದ್ದು, ಕಾಯಿಲೆ, ವಿಚ್ಛೇದನ ಎಂದು ಕಾರಣ ಕೊಡಬಹುದು, ಮಾರ್ಗಸೂಚಿಯೇ ಅವನ್ನು ಒಪ್ಪುತ್ತದೆ. ಸುಳ್ಳಿಗೆ ಕೊಡಲು ಕಾರಣವಿರುವುದಿಲ್ಲ. ಜತೆಗೆ ಅದು 5 ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದಾದ ಫೆಡರಲ್ ಅಪರಾಧ.

ಈಗ ಆ ಮೂರು ಸಾಲಗಳ ವಿಷಯ. ಹಳೆಯ ಸ್ಟೇಟ್‌ಮೆಂಟ್, ಇಮೇಲ್ ಹುಡುಕಿ ಸಾಲ ಈಗ ಯಾರ ಕೈಯಲ್ಲಿದೆ ಎಂದು ಪತ್ತೆ ಮಾಡಿ. ಇಂಥ ಸಾಲಗಳನ್ನು ಒಬ್ಬರಿಂದೊಬ್ಬರು ಕೊಂಡುಕೊಳ್ಳುತ್ತಾರೆ. ತಪ್ಪು ಏಜೆನ್ಸಿಗೆ ಹಣ ಕಟ್ಟಿದರೆ ನಿಜವಾದ ಸಾಲ ಹಾಗೇ ಉಳಿಯುತ್ತದೆ. ಏಜೆನ್ಸಿಯ ಮೊದಲ ನೋಟಿಸ್ ಬಂದ 30 ದಿನದೊಳಗೆ ಲಿಖಿತವಾಗಿ ‘ಸಾಲದ ಪುರಾವೆ ಕೊಡಿ’ ಎಂದು ಕೇಳುವ ಹಕ್ಕು ನಿಮಗಿದೆ. ರಾಜಿ ಮೊತ್ತ ಗೊತ್ತಾದರೆ ಅದನ್ನು ಮೊದಲು ಕಾಗದದ ಮೇಲೆ ಬರೆಸಿಕೊಳ್ಳಿ, ಆಮೇಲೆ ಹಣ. ನಗದು ಬೇಡ, ಬ್ಯಾಂಕಿನ ಮೂಲಕವೇ ಕಟ್ಟಿ. ಕೊನೆಗೆ ತೀರುವಳಿ ಪತ್ರ ಪಡೆಯದೆ ಬಿಡಬೇಡಿ. ಒಂದು ಎಚ್ಚರಿಕೆ: ಅನೇಕ ರಾಜ್ಯಗಳಲ್ಲಿ ಹಳೆಯ ಸಾಲಕ್ಕೆ ಸ್ವಲ್ಪ ಹಣ ಕಟ್ಟಿದರೂ ದಾವೆಯ ಕಾಲಮಿತಿ ಮತ್ತೆ ಮೊದಲಿನಿಂದ ಶುರುವಾಗಬಹುದು. ಹಾಗಾಗಿ ಕೈಗೆಟುಕುವ ಒಪ್ಪಂದ ಕುದುರುವವರೆಗೆ ಬಿಡಿಗಾಸು ಕಟ್ಟಬೇಡಿ.

ಬ್ಯಾಂಕು 600 ಡಾಲರ್ ಅಥವಾ ಹೆಚ್ಚಿನ ಸಾಲವನ್ನು ಮನ್ನಾ ಮಾಡಿದ್ದರೆ 1099-ಸಿ ಎಂಬ ಫಾರಂ ಕಳಿಸಿರುತ್ತದೆ. ಮನ್ನಾ ಆದದ್ದು ಸಾಮಾನ್ಯವಾಗಿ ಆದಾಯವೆಂದೇ ಲೆಕ್ಕ, ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕು. ಆ ವೇಳೆಗೆ ನಿಮ್ಮ ಆಸ್ತಿಗಿಂತ ಸಾಲವೇ ಹೆಚ್ಚಿದ್ದರೆ 982 ನಂಬರಿನ ಫಾರಂ ಹಾಕಿ ವಿನಾಯಿತಿ ಕೇಳಬಹುದು. ಇದನ್ನು ಮರೆತು, ಸಾಲ ತೀರಿದರೂ ತೆರಿಗೆ ಬಾಕಿಯಲ್ಲಿ ಸಿಕ್ಕಿಕೊಳ್ಳುವವರಿದ್ದಾರೆ.

ಪ್ರಶ್ನೆ: ಅಮೆರಿಕಕ್ಕೆ ಬರುವ ಮೊದಲು ದಾವಣಗೆರೆಯಲ್ಲಿ ಭಾವನ ವ್ಯಾಪಾರದ ಸಾಲಕ್ಕೆ ಜಾಮೀನು ಸಹಿ ಹಾಕಿದ್ದೆ. ಈಗ ಆ ಖಾತೆ ಎನ್‌ಪಿಎ ಆಗಿದೆ, ನನ್ನ ಹೆಸರಿಗೂ ಬ್ಯಾಂಕಿನ ನೋಟಿಸ್ ಊರಿನ ಮನೆಗೆ ಬಂದಿದೆಯಂತೆ. ಇಲ್ಲಿನ ಕ್ರೆಡಿಟ್ ವರದಿಯಲ್ಲಿ ಇದು ಬರುವುದಿಲ್ಲವಲ್ಲ?
– ಓದುಗರು, ಕೊಲೊರಾಡೋ ಸ್ಪ್ರಿಂಗ್ಸ್

ಉತ್ತರ: ವರದಿಯಲ್ಲಿ ಬರುವುದಿಲ್ಲ, ಫಾರಮ್ಮಿನಲ್ಲಿ ಬರಲೇಬೇಕು. 26ನೇ ವಿಭಾಗ ನೀವೊಬ್ಬರೇ ಮಾಡಿದ ಸಾಲದ ಜತೆಗೆ ಸಹ-ಸಾಲಗಾರ ಅಥವಾ ಜಾಮೀನುದಾರರಾಗಿ ಹೊತ್ತ ಹೊಣೆಯನ್ನೂ ಸೇರಿಸಿಯೇ ಕೇಳುತ್ತದೆ. ಸಾಲ ಅಮೆರಿಕದಲ್ಲೇ ಆಗಿರಬೇಕೆಂದು ಎಲ್ಲೂ ಹೇಳಿಲ್ಲ.

ನಮ್ಮೂರುಗಳಲ್ಲಿ ಜಾಮೀನು ಸಹಿಯನ್ನು ದಾಕ್ಷಿಣ್ಯಕ್ಕೆ ಹಾಕುವ ರೂಢಿ. ‘ಬರೀ ಸಹಿ ತಾನೇ’ ಎಂದುಕೊಳ್ಳುತ್ತೇವೆ. ಆದರೆ 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ. ಬ್ಯಾಂಕು ಮೊದಲು ಭಾವನನ್ನು ಹಿಡಿದು ಆಮೇಲೆ ನಿಮ್ಮ ಬಳಿ ಬರಬೇಕೆಂದಿಲ್ಲ. ಕಂತು 90 ದಿನ ಮೀರಿದರೆ ಖಾತೆ ಎನ್‌ಪಿಎ. ಅಡಮಾನವಿದ್ದರೆ, ಅದನ್ನು ಜಪ್ತಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ 13(2)ರ ನೋಟಿಸ್ ಬರುತ್ತದೆ, ಬಾಕಿ ಕಟ್ಟಲು ಅದರ ಗಡುವು 60 ದಿನ.

ಮೊದಲು ಆ ನೋಟಿಸಿನ ಪ್ರತಿ ತರಿಸಿಕೊಳ್ಳಿ. ‘ಬಂದಿದೆಯಂತೆ’ ಎಂದು ತನಿಖಾಧಿಕಾರಿಗೆ ಹೇಳಲಾಗದು. ಅದರಲ್ಲಿ ನೋಟಿಸಿನ ತಾರೀಖು, ಅಸಲು, ಬಡ್ಡಿ, ನಿಮ್ಮನ್ನು ಯಾವ ಹೆಸರಿನಲ್ಲಿ ನಮೂದಿಸಿದ್ದಾರೆ ಎಂಬುದನ್ನು ನೋಡಿ. ಬ್ಯಾಂಕಿಗೆ ಇಮೇಲ್ ಮಾಡಿ ಖಾತೆಯ ಸ್ಟೇಟ್‌ಮೆಂಟ್ ಕೇಳಿ. ಭಾವನಿಂದಲೂ ಲಿಖಿತವಾಗಿ ಕೇಳಿ: ತಾವೇ ಕಟ್ಟುತ್ತಾರೋ, ಒನ್ ಟೈಮ್ ಸೆಟಲ್‌ಮೆಂಟ್‌ಗೆ ಅರ್ಜಿ ಹಾಕಿದ್ದಾರೋ. ಅಕ್ಕನ ಮನೆಯವರನ್ನು ಹೀಗೆ ಕೇಳುವುದು ಕಷ್ಟವೆಂದು ಬಲ್ಲೆವು. ಆದರೂ ಕೇಳಿ, ಬಾಯಿಮಾತಿನ ಭರವಸೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕನ್ನಡದಲ್ಲಿರುವ ಕಾಗದಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ ಜತೆಗಿಡಿ. ಫಾರಮ್ಮಿನ ವಿವರಣೆಯ ಜಾಗದಲ್ಲಿ ಯಾರ ಸಾಲ, ಯಾವ ವರ್ಷದ ಸಹಿ, ಈಗಿನ ಬಾಕಿ, ನೀವು ಏನು ಮಾಡುತ್ತಿದ್ದೀರಿ ಎಂದು ನಾಲ್ಕೈದು ಸಾಲು ಬರೆದರೆ ಸಾಕು.

ಇನ್ನೊಂದು ಬದಿಯೂ ಇದೆ. ವಿದೇಶದಲ್ಲಿ ನಿಮ್ಮ ಮೇಲೆ ಹಣದ ಒತ್ತಡ ಹೇರಬಲ್ಲವರು ಇದ್ದಾರೆ ಎಂಬುದು ವಿದೇಶಿ ಪ್ರಭಾವದ ‘ಬಿ’ ಮಾರ್ಗಸೂಚಿಗೂ ತಾಗುತ್ತದೆ. ಅಪ್ಪ-ಅಮ್ಮನಿಗೆ ತಿಂಗಳಿಗಿಷ್ಟು ಎಂದು ಹಣ ಕಳಿಸುವುದನ್ನೂ ಅದೇ ಫಾರಂ ತನ್ನ 20ಎ ವಿಭಾಗದಲ್ಲಿ ಕೇಳುತ್ತದೆ. ಅದು ತಪ್ಪೆಂದು ಕೇಳುವುದಲ್ಲ, ಬರೆದರೆ ಮುಗಿಯಿತು.

ಪ್ರಶ್ನೆ: ಮೈಸೂರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ, ಎನ್‌ಆರ್‌ಒ ಎಂಬ ಅನಿವಾಸಿ ಭಾರತೀಯರ ಠೇವಣಿಗಳಿವೆ, ಒಟ್ಟು ಸುಮಾರು 30 ಲಕ್ಷ ರೂಪಾಯಿ. ಭಾರತದಲ್ಲಿ ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲವೆಂದು ಅಮೆರಿಕದ ರಿಟರ್ನ್‌ನಲ್ಲಿ ಎಂದೂ ತೋರಿಸಿಲ್ಲ. ಇದು ಸಾಲವಲ್ಲವಲ್ಲ, ಕ್ಲಿಯರೆನ್ಸ್‌ಗೆ ತೊಂದರೆಯೇ?
– ಓದುಗರು, ಡೇಟನ್, ಓಹಾಯೋ

ಉತ್ತರ: ಈ ಸಲ ಬಂದ ಪ್ರಶ್ನೆಗಳಲ್ಲಿ ನಮಗೆ ಅತಿ ಗಂಭೀರವಾಗಿ ಕಂಡದ್ದು ಇದು. ಕಾರ್ಡಿನ ಸಾಲ ಬ್ಯಾಂಕಿಗೆ ಕೊಡಬೇಕಾದ್ದು. ತೆರಿಗೆ, ನಿಮ್ಮನ್ನು ನಂಬಿ ಗುಟ್ಟು ಒಪ್ಪಿಸಬೇಕಾದ ಸರ್ಕಾರಕ್ಕೇ ಕೊಡಬೇಕಾದ್ದು. ತೆರಿಗೆಯ ಲೋಪವನ್ನು ತೀರ್ಪುಗಾರರು ಬೇರೆ ಸಾಲಗಳಿಗಿಂತ ಬಿಗಿಯಾಗಿ ನೋಡುತ್ತಾರೆ.

ಎನ್‌ಆರ್‌ಇ ಬಡ್ಡಿಗೆ ವಿನಾಯಿತಿ ಕೊಟ್ಟಿರುವುದು ಭಾರತ. ಅಮೆರಿಕ ತನ್ನ ಪೌರರ ಆದಾಯವನ್ನು, ಅದು ಜಗತ್ತಿನ ಯಾವ ಮೂಲೆಯದಾದರೂ, ತೆರಿಗೆಗೆ ಒಳಪಡಿಸುತ್ತದೆ. ಎನ್‌ಆರ್‌ಒ ಬಡ್ಡಿಯಿಂದ ಭಾರತದಲ್ಲಿ ಕಡಿತವಾದ ತೆರಿಗೆಯನ್ನು ಇಲ್ಲಿ ಕ್ರೆಡಿಟ್ ಆಗಿ ಕೇಳಬಹುದು, ಆದರೆ ಬಡ್ಡಿಯನ್ನು ಮೊದಲು ತೋರಿಸಿದ್ದರೆ ಮಾತ್ರ. ಇದರ ಜತೆ ಎಫ್‌ಬಾರ್ ಎಂಬ ಬೇರೆಯೇ ವರದಿ ಇದೆ: ವಿದೇಶದ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ಮೀರಿದರೂ ಅದನ್ನು ಸಲ್ಲಿಸಬೇಕು. ಅಪ್ಪನ ಖಾತೆಯಲ್ಲಿ ನಿಮ್ಮದು ಜಂಟಿ ಹೆಸರಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ 30 ಲಕ್ಷ ಆ ಗೆರೆಯನ್ನು ಎಂದೋ ದಾಟಿದೆ.

ಸರಿಪಡಿಸಲು ದಾರಿಗಳಿವೆ. ಬಡ್ಡಿಯನ್ನೆಲ್ಲ ತೋರಿಸಿ ಎಫ್‌ಬಾರ್ ಮಾತ್ರ ಬಿಟ್ಟಿದ್ದರೆ, ತಡವಾದ ಎಫ್‌ಬಾರ್‌ಗಳನ್ನು ಕಾರಣದ ಸಹಿತ ಸಲ್ಲಿಸುವ ಪ್ರತ್ಯೇಕ ವಿಧಾನವಿತ್ತು. ನಿಮ್ಮಲ್ಲಿ ಬಡ್ಡಿಯೂ ಬಿಟ್ಟುಹೋಗಿರುವುದರಿಂದ ಅಮೆರಿಕದಲ್ಲಿ ವಾಸಿಸುವವರ ಸ್ಟ್ರೀಮ್‌ಲೈನ್ಡ್ ವಿಧಾನ ಹೊಂದುತ್ತದೆ: ಕಳೆದ 3 ವರ್ಷಗಳ ರಿಟರ್ನ್ ತಿದ್ದುಪಡಿ, 6 ವರ್ಷಗಳ ಎಫ್‌ಬಾರ್, ತೆರಿಗೆ ಮತ್ತು ಬಡ್ಡಿ, ಬಿಟ್ಟುಹೋದ ಆಸ್ತಿಯ ಅತಿ ಹೆಚ್ಚಿನ ವರ್ಷಾಂತ್ಯದ ಮೊತ್ತದ ಮೇಲೆ ಶೇ 5 ದಂಡ, ಮತ್ತು ಇದು ಉದ್ದೇಶಪೂರ್ವಕವಲ್ಲ ಎಂದು 14654 ನಂಬರಿನ ಫಾರಂನಲ್ಲಿ ವಿವರಣೆ. ಆ ವರ್ಷಗಳ ರಿಟರ್ನ್ ಮೊದಲೇ ಸಲ್ಲಿಸಿರಬೇಕು, ತೆರಿಗೆ ಇಲಾಖೆ ನಿಮ್ಮ ಲೆಕ್ಕವನ್ನು ಪರಿಶೀಲನೆಗೆ ತೆಗೆದುಕೊಂಡಿರಬಾರದು. ವಿವರಣೆಯ ಒಂದೊಂದು ವಾಕ್ಯವೂ ಮುಂದೆ ನಿಮ್ಮ ಕ್ಲಿಯರೆನ್ಸ್ ತನಿಖೆಯಲ್ಲಿ ಓದಲ್ಪಡಬಹುದು, ಆದ್ದರಿಂದ ವಿದೇಶಿ ಖಾತೆಗಳ ಅನುಭವವಿರುವ ತೆರಿಗೆ ವಕೀಲರಿಂದಲೇ ಮಾಡಿಸಿ.

ಯಾವಾಗ ಸರಿಪಡಿಸಿದಿರಿ ಎಂಬುದಕ್ಕೆ ಇಲ್ಲಿ ದೊಡ್ಡ ಬೆಲೆ. ಎಸ್‌ಎಫ್-86ಕ್ಕೆ ಸಹಿ ಹಾಕುವ ಮುಂಚೆ ಸರಿಪಡಿಸಿದವರಿಗೂ, ಆರೋಪ ಪತ್ರ ಕೈಗೆ ಬಂದ ಮೇಲೆ ಓಡಾಡಿದವರಿಗೂ ಸಿಗುವ ಮನ್ನಣೆ ಒಂದೇ ಅಲ್ಲ. ಇನ್ನು ಕಟ್ಟಲು ಹಣವಿಲ್ಲವೆಂದು ರಿಟರ್ನ್ ಸಲ್ಲಿಸುವುದನ್ನೇ ಬಿಡುವವರಿಗೆ ಒಂದು ಮಾತು: ಸಲ್ಲಿಸದಿದ್ದರೆ ಬಾಕಿ ತೆರಿಗೆಯ ಮೇಲೆ ತಿಂಗಳಿಗೆ ಶೇ 5 ದಂಡ, ಸಲ್ಲಿಸಿ ಕಟ್ಟದಿದ್ದರೆ ಶೇ 0.5. ರಿಟರ್ನ್ ಸಲ್ಲಿಸಿ, 9465 ನಂಬರಿನ ಫಾರಂನಲ್ಲಿ ಕಂತು ಕೇಳಿ, ತಪ್ಪದೆ ಕಟ್ಟಿ. ಇಲಾಖೆಯೊಡನೆ ಆದ ಇಂಥ ಒಪ್ಪಂದವನ್ನು ‘ಎಫ್’ ಸ್ಪಷ್ಟವಾಗಿ ನಿಮ್ಮ ಪರ ಎಣಿಸುತ್ತದೆ.

ಪ್ರಶ್ನೆ: ಮಗಳು ಎಂಜಿನಿಯರಿಂಗ್ ಮುಗಿಸಿದ್ದಾಳೆ, ರಾಕೆಟ್ ತಯಾರಿಸುವ ಕಡೆ ಕೆಲಸ ಸಿಗುವಂತಿದೆ. ಫೆಡರಲ್ ವಿದ್ಯಾರ್ಥಿ ಸಾಲದ ಕಂತು ಒಂದು ವರ್ಷದಿಂದ ಕಟ್ಟಿಲ್ಲವೆಂದು ಈಗ ಹೇಳುತ್ತಿದ್ದಾಳೆ.
– ತಾಯಿಯೊಬ್ಬರು, ಹಂಟ್ಸ್‌ವಿಲ್, ಅಲಬಾಮಾ

ಉತ್ತರ: ಬೈಯಬೇಡಿ ತಾಯಿ, ಹೇಳಿದ್ದೇ ಒಳ್ಳೆಯದಾಯಿತು. ಫೆಡರಲ್ ಸಾಲ 270 ದಿನ ಕಟ್ಟದಿದ್ದರೆ ಡಿಫಾಲ್ಟ್. ಫೆಡರಲ್ ಬಾಕಿಯನ್ನು ಫಾರಂ ಪ್ರತ್ಯೇಕವಾಗಿ ಕೇಳುವುದರಿಂದ ಬರೆಯಲೇಬೇಕು. ಹೊರಬರಲು ರಿಹ್ಯಾಬಿಲಿಟೇಶನ್ ಎಂಬ ದಾರಿ ಇದೆ: ಆದಾಯಕ್ಕೆ ತಕ್ಕಂತೆ ಗೊತ್ತುಮಾಡಿದ ಕಂತನ್ನು 10 ತಿಂಗಳಲ್ಲಿ 9 ಸಲ ಹೊತ್ತಿಗೆ ಸರಿಯಾಗಿ ಕಟ್ಟಿದರೆ ವರದಿಯಿಂದ ಡಿಫಾಲ್ಟ್ ಗುರುತು ಹೋಗುತ್ತದೆ, ತಡವಾದ ಕಂತುಗಳ ಗುರುತು ಉಳಿಯುತ್ತದೆ. ಹಳೆಯ ಸಾಲಗಳನ್ನು ಒಂದೇ ಹೊಸ ಸಾಲವಾಗಿ ಮಾಡಿಸುವ ಕಾನ್ಸಾಲಿಡೇಶನ್ ಬೇಗ ಆಗುತ್ತದೆ, ಆದರೆ ಡಿಫಾಲ್ಟ್ ಗುರುತು ಅಳಿಯುವುದಿಲ್ಲ. ಕೆಲಸ ಸೇರುವ ದಿನ ಹತ್ತಿರವಿದ್ದರೆ ಒಪ್ಪಂದ ಪತ್ರ ಮತ್ತು ಕಟ್ಟಿದ ರಸೀದಿಗಳೇ ಆಸರೆ. ನೀವು ಒಟ್ಟಿಗೆ ತೀರಿಸಿಬಿಡುವುದಾದರೂ ಆಗಬಹುದು. ಆಕೆಯ ಸಂಬಳದಿಂದಲೇ ಸ್ವಯಂಚಾಲಿತ ಕಂತು ನಡೆಯುತ್ತಿದ್ದರೆ ಅದು ಆಕೆಯ ಜವಾಬ್ದಾರಿಗೆ ಇನ್ನೂ ಒಳ್ಳೆಯ ಸಾಕ್ಷಿ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ‘ಸ್ಟೇಟ್‌ಮೆಂಟ್ ಆಫ್ ರೀಸನ್ಸ್’ ಬಂದಿದೆ. ಏಳು ಸಾಲಗಳ ಪಟ್ಟಿ ಇದೆ. ಎರಡು ನನ್ನವೇ ಅಲ್ಲ. ಕೈಕಾಲು ಆಡುತ್ತಿಲ್ಲ.
– ಓದುಗರು, ಹೆಸರು ಮತ್ತು ಊರು ಬೇಡ

ಉತ್ತರ: ಅದು ತೀರ್ಪಲ್ಲ, ನಿಮಗೆ ಕ್ಲಿಯರೆನ್ಸ್ ಯಾಕೆ ಕೊಡಬಾರದು ಎಂದು ಸರ್ಕಾರ ಕಳಿಸುವ ಆರೋಪಗಳ ಪಟ್ಟಿ. ಆದರೆ ಗುತ್ತಿಗೆ ಕಂಪನಿಯ ನೌಕರರಾದರೆ ಕೈಗೆ ಬಂದ ದಿನದಿಂದ 20 ದಿನದೊಳಗೆ ಉತ್ತರ ಹೋಗಬೇಕು. ಸಮಯ ಸಾಲದಿದ್ದರೆ ಗಡುವು ಮುಗಿಯುವ ಮೊದಲೇ ಲಿಖಿತವಾಗಿ ಹೆಚ್ಚುವರಿ ಕಾಲ ಕೇಳಿ. ಸುಮ್ಮನೆ ಬಿಟ್ಟರೆ ಕಡತ ಅಲ್ಲಿಗೇ ಮುಗಿಯಬಹುದು.

ಉತ್ತರ ಪ್ರಮಾಣ ಮಾಡಿ ಕೊಡುವಂಥದ್ದು. ಪ್ರತಿ ಪ್ಯಾರಾಕ್ಕೂ ‘ಒಪ್ಪುತ್ತೇನೆ’ ಅಥವಾ ‘ಅಲ್ಲಗಳೆಯುತ್ತೇನೆ’ ಎಂದು ಬಿಡಿಬಿಡಿಯಾಗಿ ಹೇಳಬೇಕು. ‘ಎಲ್ಲವನ್ನೂ ನಿರಾಕರಿಸುತ್ತೇನೆ’ ಎಂಬ ಒಂದು ಸಾಲು ಸಲ್ಲದು. ನಿಮ್ಮದಾದ ಸಾಲವನ್ನು ಒಪ್ಪಿದರೆ ಸೋತಂತೆ ಎಂದುಕೊಳ್ಳಬೇಡಿ. ಒಪ್ಪಿ, ಪಕ್ಕದಲ್ಲೇ ಕಾರಣ ಮತ್ತು ಈಗಿನ ಸ್ಥಿತಿ ಬರೆಯುವುದೇ ಸರಿಯಾದ ಕ್ರಮ. ನಿಮ್ಮದಲ್ಲದ ಎರಡಕ್ಕೆ ಕ್ರೆಡಿಟ್ ಸಂಸ್ಥೆಗೆ ಸಲ್ಲಿಸಿದ ತಕರಾರು, ಅದಕ್ಕೆ ಬಂದ ಉತ್ತರ, ನಿಮ್ಮ ಗುರುತು ಕದ್ದು ಬೇರೆಯವರು ಸಾಲ ಮಾಡಿದ್ದರೆ ಪೊಲೀಸ್ ದೂರು ಬೇಕು. ‘ನನ್ನದಲ್ಲ’ ಎಂಬ ಬರಿ ಮಾತಿಗೆ ತೂಕವಿಲ್ಲ, ನಿಯಮವೇ ದಾಖಲೆ ಕೇಳುತ್ತದೆ.

ಒಂದು ಕೋಷ್ಟಕ ಮಾಡಿ: ಆರೋಪದ ಪ್ಯಾರಾ ಸಂಖ್ಯೆ, ಸಾಲ ಕೊಟ್ಟವರು, ಮೊತ್ತ, ಸುಸ್ತಿಗೆ ಕಾರಣ, ಈಗಿನ ಸ್ಥಿತಿ, ಪುರಾವೆಯ ಪುಟ. ಏಳೂ ಸಾಲ ಇವತ್ತೇ ತೀರಿರಬೇಕೆಂದು ಯಾರೂ ಕೇಳುವುದಿಲ್ಲ. ನಂಬುವಂಥ ಯೋಜನೆ ಇರಬೇಕು, ಅದರಂತೆ ನಿಜವಾಗಿ ಹೆಜ್ಜೆ ಇಟ್ಟಿರಬೇಕು. ‘ಕ್ಲಿಯರೆನ್ಸ್ ಸಿಕ್ಕಮೇಲೆ ಕಟ್ಟುತ್ತೇನೆ’ ಎಂದು ಮಾತ್ರ ಬರೆಯಬೇಡಿ. ಕೆಲಸ ಮಾಡದೆ ಬರೀ ಭರವಸೆ ಕೊಟ್ಟು ಸೋಲುವುದು ಈ ಒಂದು ವಾಕ್ಯದಲ್ಲೇ.

ವಿಚಾರಣೆ ಬೇಕೋ, ಕಾಗದದ ಮೇಲೇ ತೀರ್ಮಾನವಾಗಲೋ ಎಂದು ಉತ್ತರದಲ್ಲೇ ಆರಿಸಬೇಕು. ಕಾಗದ ಆರಿಸಿದರೆ ಸರ್ಕಾರದ ಕಡೆಯವರು ತಮ್ಮ ದಾಖಲೆಗಳ ಕಟ್ಟು ಕಳಿಸುತ್ತಾರೆ, ಅದಕ್ಕೆ ಪ್ರತಿಯಾಗಿ ಬರೆಯಲು 30 ದಿನ. ನಮ್ಮ ಸಲಹೆ ವಿಚಾರಣೆ. ನ್ಯಾಯಾಧೀಶರು ನಿಮ್ಮನ್ನು ಕಂಡು, ಪ್ರಶ್ನೆ ಕೇಳಿ, ನಿಮ್ಮ ಮಾತನ್ನು ನಂಬಬಹುದೇ ಎಂದು ತೂಗುವ ಅವಕಾಶ ಇದೊಂದೇ. ವಕೀಲರನ್ನು ನಿಮ್ಮ ಖರ್ಚಿನಲ್ಲಿ ಕರೆದೊಯ್ಯಬಹುದು. ಇರುವ ಪುರಾವೆಯನ್ನೆಲ್ಲ ಅಲ್ಲೇ ಮುಂದಿಡಿ, ಯಾಕೆಂದರೆ ಮೇಲ್ಮನವಿ ಮಂಡಳಿ ಹೊಸ ಪುರಾವೆ ನೋಡುವುದಿಲ್ಲ. ತೀರ್ಪಿನ ತಾರೀಖಿನಿಂದ 15 ದಿನದೊಳಗೆ ಮೇಲ್ಮನವಿಯ ನೋಟಿಸ್ ಕೊಡಬೇಕು. ಸೋತರೆ ಒಂದು ವರ್ಷ ಮತ್ತೆ ಅರ್ಜಿಗೆ ಅವಕಾಶವಿಲ್ಲ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲಿ ಈಗನ್ ಪ್ರಕರಣದಲ್ಲಿ ಹೇಳಿದೆ. ಅನುಮಾನ ಉಳಿದರೆ ಅದರ ಲಾಭ ದೇಶದ ಭದ್ರತೆಗೆ, ನಿಮಗಲ್ಲ. ಡೋಹಾದ ತೀರ್ಪುಗಳು ಹೆಸರು ತೆಗೆದು ಜಾಲತಾಣದಲ್ಲಿ ಪ್ರಕಟವಾಗುತ್ತವೆ; ನಿಮ್ಮದನ್ನು ಹೋಲುವ ಹತ್ತು ತೀರ್ಪು ಓದಿ, ಗೆದ್ದವರು ಯಾವ ಕಾಗದ ಇಟ್ಟಿದ್ದರು ಎಂದು ಗುರುತು ಹಾಕಿಕೊಳ್ಳಿ.

ಪ್ರಶ್ನೆ: ಸೀಕ್ರೆಟ್ ಕ್ಲಿಯರೆನ್ಸ್ ಇದೆ. ವಿಚ್ಛೇದನದ ಗಲಾಟೆಯಲ್ಲಿ ಒಂದು ಸಾಲ 90 ದಿನ ಬಾಕಿ ಬಿದ್ದಿದೆ. ಮುಂದಿನ ತನಿಖೆಗೆ ಇನ್ನೂ ವರ್ಷಗಳಿವೆ, ಸುಮ್ಮನಿರಬಹುದೇ?
– ಓದುಗರು, ಸ್ಯಾನ್ ಡಿಯಾಗೊ

ಉತ್ತರ: ವರ್ಷಗಳಿಗೊಮ್ಮೆ ತನಿಖೆ ಎಂಬ ಕಾಲ ಹೋಯಿತು. ಈಗ ನಿರಂತರ ಪರಿಶೀಲನೆ. ಕ್ರೆಡಿಟ್ ದಾಖಲೆ ಬದಲಾದರೆ ಅಲ್ಲಿ ಸುಳಿವು ಮೂಡುತ್ತದೆ. ಸಾಲ 120 ದಿನ ಮೀರಿದರೆ ಅಥವಾ ದಿವಾಳಿ ಅರ್ಜಿ ಹಾಕಿದರೆ ನೀವಾಗಿಯೇ ನಿಮ್ಮ ಕೆಲಸದ ಜಾಗದ ಭದ್ರತಾ ಅಧಿಕಾರಿಗೆ ತಿಳಿಸುವುದು ಕಡ್ಡಾಯ. ನಿಮಗೆ 30 ದಿನ ಉಳಿದಿದೆ. ಇವತ್ತೇ ಬ್ಯಾಂಕಿಗೆ ಕರೆ ಮಾಡಿ ಕಷ್ಟದಲ್ಲಿರುವವರಿಗೆ ಕಂತು ಹಗುರ ಮಾಡುವ ಹಾರ್ಡ್‌ಶಿಪ್ ಯೋಜನೆ ಕೇಳಿ. ವಿಚ್ಛೇದನ ನಿಮ್ಮ ಹತೋಟಿ ಮೀರಿದ ಕಾರಣವೆಂದು ನಿಯಮ ಒಪ್ಪುತ್ತದೆ, ಆದರೆ ಆ ಹೊತ್ತಿನಲ್ಲಿ ನೀವು ಜವಾಬ್ದಾರಿಯಿಂದ ನಡೆದುಕೊಂಡಿದ್ದರೆ ಮಾತ್ರ. ಸಾಲ ಯಾರು ತೀರಿಸಬೇಕೆಂದು ಫ್ಯಾಮಿಲಿ ಕೋರ್ಟ್ ಹೇಳಿದರೂ ಜಂಟಿ ಖಾತೆಯಾದರೆ ಬ್ಯಾಂಕಿಗೆ ನೀವೂ ಹೊಣೆ.

ಪ್ರಶ್ನೆ: ಟಾಪ್ ಸೀಕ್ರೆಟ್ ಹೊಂದಿದ್ದೇನೆ. ತುಮಕೂರಿನಲ್ಲಿ ಅಪ್ಪ ಜಮೀನು ಮಾರಿ ನನ್ನ ಸಾಲ ತೀರಿಸಲು ಹಣ ಕಳಿಸುತ್ತೇನೆ ಎನ್ನುತ್ತಾರೆ. ತೆಗೆದುಕೊಳ್ಳಲೇ?
– ಓದುಗರು, ಟೆಕ್ಸಸ್

ಉತ್ತರ: ತೆಗೆದುಕೊಳ್ಳಬಹುದು. ಆದರೆ ದೊಡ್ಡ ಸಾಲ ಇದ್ದಕ್ಕಿದ್ದಂತೆ ಮಾಯವಾದರೆ ‘ಹಣ ಎಲ್ಲಿಂದ ಬಂತು’ ಎಂಬ ಪ್ರಶ್ನೆ ಏಳುತ್ತದೆ. ಮೂಲ ತಿಳಿಯದ ಸಿರಿತನವೂ ‘ಎಫ್’ನಲ್ಲಿ ದೋಷವೇ. ಟಾಪ್ ಸೀಕ್ರೆಟ್ ಇರುವವರು 10,000 ಡಾಲರ್ ಅಥವಾ ಹೆಚ್ಚಿನ ಇಂಥ ಅಪರೂಪದ ಹಣ ಬಂದರೆ ವರದಿ ಮಾಡಬೇಕು. ಹಣ ಬರುವ ಮೊದಲೇ ಭದ್ರತಾ ಅಧಿಕಾರಿಗೆ ಹೇಳಿಬಿಡಿ. ಕ್ರಯಪತ್ರದ ಪ್ರತಿ, ಅಪ್ಪನ ಸಹಿಯ ಉಡುಗೊರೆ ಪತ್ರ, ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಬಂದ ದಾಖಲೆ, ಸಾಲ ತೀರಿದ ಪತ್ರ, ಇವು ನಾಲ್ಕನ್ನೂ ಒಂದೇ ಕಡತದಲ್ಲಿಡಿ. ಹವಾಲಾ ಕಡೆ ತಲೆ ಹಾಕಬೇಡಿ, ಪರಿಚಯದವರ ಕೈಯಲ್ಲಿ ತರಿಸುವುದೂ ಬೇಡ. ಅಪ್ಪ ಅಮೆರಿಕದ ಪೌರರಲ್ಲ, ನಿವಾಸಿಯೂ ಅಲ್ಲವಾದರೆ ಉಡುಗೊರೆಗೆ ನಿಮಗೆ ತೆರಿಗೆ ಬೀಳುವುದಿಲ್ಲ. ವರ್ಷದಲ್ಲಿ 1,00,000 ಡಾಲರ್ ಮೀರಿದರೆ ಮಾತ್ರ 3520 ನಂಬರಿನ ಫಾರಂ ಸಲ್ಲಿಸಬೇಕು. ಮಾರುವ ಜಮೀನಿನ ಪಹಣಿಯಲ್ಲಿ ನಿಮ್ಮ ಹೆಸರೂ ಸೇರಿದ್ದರೆ ಲೆಕ್ಕವೇ ಬೇರೆ: ಅದು ಉಡುಗೊರೆಯಾಗುವುದಿಲ್ಲ, ನಿಮ್ಮ ಪಾಲಿನ ಮಾರಾಟವಾಗುತ್ತದೆ. ಆಗ ಲಾಭವನ್ನು ಅಮೆರಿಕದ ರಿಟರ್ನ್‌ನಲ್ಲಿ ತೋರಿಸಬೇಕು, ಭಾರತದಲ್ಲೂ ತೋರಿಸಬೇಕಾಗಬಹುದು, ವಿದೇಶದ ಆಸ್ತಿಯೆಂದು ಮೊದಲೇ ತಿಳಿಸಿದ್ದಿರೇ ಎಂದೂ ಕೇಳುತ್ತಾರೆ. ಅಪ್ಪ ಕ್ರಯಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಆ ಪಹಣಿ ತೆಗೆಸಿ ನೋಡಿ.